ಇಪ್ಪತ್ತೈದನೆಯ ಮಹಡಿಗೆ ನೀರು

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿರುವ 25 ಮಹಡಿಯ ಕಚೇರಿ ಕಟ್ಟಡವೊಂದರ ಚರಿತ್ರೆಯನ್ನು ನಾನು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಿಂದ ಆರಂಭಿಸುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದವರು ಸೇರಿ ತರುತ್ತಿರುವ ಈ ಸ್ಮರಣ ಸಂಚಿಕೆಗೆ ನಮ್ಮ ಕಡೆಯ ಯಾವುದಾದರೂ ಒಂದು ಸಂಸ್ಥೆಯ ಚರಿತ್ರೆ ಬರೆದುಕೊಡಿ ಎಂದು ಸಂಪಾದಕರು ಕೇಳಿದರು. ಹೆಗ್ಗೋಡಿನ ನೀನಾಸಂ ಬಗ್ಗೆ, ಕುಪ್ಪಳಿಯ ಪ್ರತಿಷ್ಠಾನದ ಬಗ್ಗೆ, ಅಡಿಕೆ ಬೆಳೆಗಾರರ ಸಹಕಾರ ಸಂಘಗಳ ಬಗ್ಗೆ ಬರೆಯಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಬದುಕಿನ ಬಹುಪಾಲನ್ನು ವಿದ್ಯುತ್ತಿನ ಕೆಲಸದಲ್ಲಿ ಕಳೆದವನು. ಬೆಂಗಳೂರಿನ ಎತ್ತರದ ಕಚೇರಿ ಕಟ್ಟಡವನ್ನು ನೋಡಿದಾಗಲೆಲ್ಲ ಇದೂ ನಮ್ಮ ಕಡೆಯದೇ ಒಂದು ಸಂಸ್ಥೆ ಎಂದು ನನಗೆ ಅನ್ನಿಸುತ್ತದೆ. ಯಾಕೆ ಹಾಗನ್ನಿಸುತ್ತದೆ ಎಂಬುದನ್ನು ಹೇಳುವುದಕ್ಕೇ ಈ ಲೇಖನ.

ಅಂಬುತೀರ್ಥದಲ್ಲಿ ಸೀತೆಯ ಬಾಯಾರಿಕೆ ತಣಿಸಲು ರಾಮ ನೆಲಕ್ಕೆ ಬಾಣ ಬಿಟ್ಟ, ಅಲ್ಲಿ ನೀರು ಚಿಮ್ಮಿತು ಎಂಬುದು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ ಕತೆ. ಅಂಬು ಎಂದರೂ ಬಾಣ, ಶರ ಎಂದರೂ ಬಾಣ. ಅಲ್ಲಿ ಹುಟ್ಟಿದ ಶರಾವತಿ ಹೊಸನಗರ ತಾಲ್ಲೂಕನ್ನು ಹಾದು, ಸಾಗರ ತಾಲ್ಲೂಕಿನ ಜೋಗದಲ್ಲಿ 253 ಮೀಟರ್ ಕೆಳಕ್ಕೆ ಧುಮುಕಿ, ಗೇರುಸೊಪ್ಪೆಯ ಕಣಿವೆ ಇಳಿದು ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಈ ಸಂಚಿಕೆಯ ಮೂರು ತಾಲ್ಲೂಕುಗಳನ್ನು ಯಾರು ಯಾವ ಲೆಕ್ಕದಲ್ಲಿ ಜೊತೆ ಮಾಡಿದರೋ, ನದಿ ಮಾತ್ರ ಅವನ್ನು ಮೊದಲೇ ಒಂದೇ ದಾರದಲ್ಲಿ ಪೋಣಿಸಿಟ್ಟಿತ್ತು. ತೀರ್ಥಹಳ್ಳಿಯಲ್ಲಿ ಹುಟ್ಟು, ಹೊಸನಗರದಲ್ಲಿ ಹರಿವು, ಸಾಗರದಲ್ಲಿ ಬೀಳು.

ಈ ಬೀಳುವ ನೀರಿಗೆ ಬೆಲೆ ಕಟ್ಟುವ ಲೆಕ್ಕ ಮೈಸೂರು ಸಂಸ್ಥಾನದಲ್ಲಿ ಬಹಳ ಹಿಂದೆಯೇ ನಡೆದಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು; 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಕಾವೇರಿ ಸಾಲದಾದಾಗ ಕಣ್ಣು ಜೋಗದ ಕಡೆ ತಿರುಗಿತು. ಹಿರೇಭಾಸ್ಕರದಲ್ಲಿ, ಜನರ ಬಾಯಲ್ಲಿ ಮಡೆನೂರಿನಲ್ಲಿ, ಅಣೆಕಟ್ಟು ಎದ್ದಿತು. ಜೋಗದ ಬುಡದ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು. ಮೊದಲು ಕೃಷ್ಣರಾಜೇಂದ್ರರ ಹೆಸರಿನಲ್ಲಿದ್ದ ಅದು ಆಮೇಲೆ ಮಹಾತ್ಮ ಗಾಂಧಿ ಜಲವಿದ್ಯುದಾಗಾರವಾಯಿತು. ಎಂಟು ಯಂತ್ರಗಳು ಸೇರಿ 120 ಮೆಗಾವಾಟ್. ಆ ಕಾಲಕ್ಕೆ ಅದೇ ದೊಡ್ಡದು.

ದೊಡ್ಡದು ಎಂಬ ಮಾತು ಹೆಚ್ಚು ದಿನ ಉಳಿಯಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸುಮಾರು 2.4 ಕಿಲೋಮೀಟರ್ ಉದ್ದದ ಕಟ್ಟೆ, ಸುಮಾರು 151 ಟಿಎಂಸಿ ನೀರು, ಪೂರ್ಣ ಮಟ್ಟ 1819 ಅಡಿ. ಈ 1819 ಎಂಬ ಸಂಖ್ಯೆಯನ್ನು ಸಾಗರ, ಹೊಸನಗರಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಇಬ್ಬರು ಸೇರಿದರೆ ಮೊದಲ ಮಾತೇ ಡ್ಯಾಮಿನಲ್ಲಿ ಈಗ ಎಷ್ಟಡಿ ಎಂಬುದು. ಮಡೆನೂರಿನ ಹಳೆಯ ಅಣೆಕಟ್ಟೇ ಆ ನೀರಿನಲ್ಲಿ ಮುಳುಗಿತು. ಅದರ ಜೊತೆಗೆ ಮುಳುಗಿದ್ದು ಅಡಿಕೆ ತೋಟ, ಗದ್ದೆ, ಬ್ಯಾಣ, ಮನೆ, ದೇವಸ್ಥಾನ, ಭೂತನ ಕಟ್ಟೆ, ಸಂತೆ ದಾರಿ.

ನಮ್ಮ ಕಡೆ ಇದಕ್ಕೆ ಇರುವ ಶಬ್ದ ಮುಳುಗಡೆ. ಯೋಜನೆ ಎಂದು ಕಾಗದದಲ್ಲಿ ಬರೆಯುತ್ತಾರೆ, ಪುನರ್ವಸತಿ ಎಂದೂ ಬರೆಯುತ್ತಾರೆ. ಜನ ಹೇಳುವುದು ಮುಳುಗಡೆ ಎಂದೇ. ಮುಳುಗಡೆಯಾದವರು ಎಂದರೆ ಒಂದು ಜಾತಿಯ ಹೆಸರಿನ ಹಾಗೆ. ದೀವರು, ಹವ್ಯಕರು, ಒಕ್ಕಲಿಗರು, ಮಡಿವಾಳರು, ಎಲ್ಲರಿಗೂ ಸೇರಿ ಈ ಒಂದೇ ಹೆಸರು. ಲಾರಿಯಲ್ಲಿ ಮನೆಯ ತೊಲೆ, ಹೆಂಚು, ದನ, ಕರು ಹೇರಿಕೊಂಡು ಶಿವಮೊಗ್ಗದ ಶೆಟ್ಟಿಹಳ್ಳಿ ಕಾಡಿನ ಕಡೆಗೂ ಸೊರಬ, ಶಿಕಾರಿಪುರದ ಕಡೆಗೂ ಹೋದರು. ಕಾಡು ಕಡಿದು ಗದ್ದೆ ಮಾಡಿದರು. ಅವರಲ್ಲಿ ಅನೇಕರ ಮೊಮ್ಮಕ್ಕಳು ಇಂದಿಗೂ ಆ ನೆಲದ ಹಕ್ಕುಪತ್ರಕ್ಕಾಗಿ ಕಚೇರಿಗಳ ಮೆಟ್ಟಿಲು ಹತ್ತುತ್ತಿದ್ದಾರೆ. ಉಳಿದವರು, ನೀರು ಮೂರು ಕಡೆಯಿಂದ ಸುತ್ತಿಕೊಂಡ ಕರೂರು, ತುಮರಿ ಸೀಮೆಯಲ್ಲಿ ಲಾಂಚನ್ನೇ ನಂಬಿ ಬದುಕಿದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ಅಣೆಕಟ್ಟು ಮುಗಿದು ಅಷ್ಟು ಹೊತ್ತಿಗೆ 61 ವರ್ಷ.

ಈ ನೋವನ್ನು ಕನ್ನಡ ಸಾಹಿತ್ಯದಲ್ಲಿ ದಾಖಲಿಸಿದವರು ಸಾಗರದ ನಾ. ಡಿಸೋಜ. ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತ, ಕಟ್ಟುವವರನ್ನೂ ಬಿಟ್ಟು ಹೋಗುವವರನ್ನೂ ಒಟ್ಟಿಗೆ ನೋಡಿದವರು ಅವರು. ಅವರ ‘ದ್ವೀಪ’ವನ್ನು ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣಕಮಲ ಬಂತು. ಡಿಸೋಜರು 2025ರ ಜನವರಿಯಲ್ಲಿ ತೀರಿಕೊಂಡರು. ಈ ಲೇಖನ ಬರೆಯುವಾಗ ಅವರಿದ್ದಿದ್ದರೆ ಒಮ್ಮೆ ತೋರಿಸಿ ಬರುತ್ತಿದ್ದೆ.

ಇಷ್ಟಾದ ಮೇಲೆ ಎಂ.ಜಿ. ರಸ್ತೆಗೆ ಬರೋಣ.

ಲಿಂಗನಮಕ್ಕಿಯ ನೀರು ತಳಕಳಲೆಯ ಚಿಕ್ಕ ಜಲಾಶಯಕ್ಕೆ ಹೋಗಿ, ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ 1400 ಅಡಿಗೂ ಹೆಚ್ಚು ಆಳಕ್ಕೆ ಇಳಿದು ಶರಾವತಿ ವಿದ್ಯುದಾಗಾರದ ಯಂತ್ರಗಳನ್ನು ತಿರುಗಿಸುತ್ತದೆ. ಹತ್ತು ಯಂತ್ರಗಳು. 1960ರ ದಶಕದ ನಡುವೆ ಮೊದಲನೆಯದು ತಿರುಗಿತು, 1977ರಲ್ಲಿ ಹತ್ತನೆಯದು. ಆಗ ಒಂದೊಂದಕ್ಕೆ 89.1 ಮೆಗಾವಾಟ್, ಮುಂದೆ ಸುಧಾರಿಸಿ 103.5 ಮಾಡಿ ಒಟ್ಟು 1035 ಮೆಗಾವಾಟ್ ಆಯಿತು. ರಾಯಚೂರಿನಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಆರಂಭವಾದದ್ದು 1985ರಲ್ಲಿ. ಅಂದರೆ 1970ರ ದಶಕದಲ್ಲಿ ಈ ರಾಜ್ಯದ ವಿದ್ಯುತ್ತೆಂದರೆ ನೀರು, ನೀರೆಂದರೆ ಮುಖ್ಯವಾಗಿ ಶರಾವತಿ. ಮಲೆನಾಡಿನ ಕಾಡು ಸೀಳಿಕೊಂಡು 220 ಕಿಲೋವೋಲ್ಟಿನ ತಂತಿಗಳು ಶಿವಮೊಗ್ಗದ ಮೇಲೆ ಬೆಂಗಳೂರಿನ ದಿಕ್ಕಿಗೆ ಹೋದವು. ತಂತಿ ಹಾದ ಎಷ್ಟೋ ಹಳ್ಳಿಗಳಲ್ಲಿ ಆಗ ಚಿಮಣಿ ಬುಡ್ಡಿಯೇ ಇತ್ತು. ಆ ಗೋಪುರಗಳ ಕೆಳಗೆ ನಿಂತರೆ ಮೇಲಿನಿಂದ ಕೇಳುವ ಗುಂಯ್ ಎಂಬ ಸದ್ದು ನನ್ನ ಬಾಲ್ಯದ ಸದ್ದುಗಳಲ್ಲಿ ಒಂದು.

ಹತ್ತು ಯಂತ್ರಗಳು ಒಂದೊಂದಾಗಿ ಬರುತ್ತಿದ್ದ ಆ ವರ್ಷಗಳ ನಡುವೆಯೇ, 1973ರಲ್ಲಿ, ಬೆಂಗಳೂರಿನಲ್ಲಿ ಪಬ್ಲಿಕ್ ಯುಟಿಲಿಟಿ ಕಟ್ಟಡ ಮುಗಿಯಿತು. 25 ಮಹಡಿ, 106 ಮೀಟರ್. ದಕ್ಷಿಣ ಭಾರತದಲ್ಲೇ ಎತ್ತರದ್ದು ಎಂಬ ಹೆಸರು. ಅದಕ್ಕೂ ಮೊದಲು ಆ ಮಾತು ಮದರಾಸಿನ ಮೌಂಟ್ ರೋಡಿನ ಎಲ್‌ಐಸಿ ಕಟ್ಟಡಕ್ಕೆ ಸಲ್ಲುತ್ತಿತ್ತು. ನಗರ ಪಾಲಿಕೆಯ ಸ್ವತ್ತಾದ ಈ ಕಟ್ಟಡಕ್ಕೆ ಸುಭಾಷ್‌ಚಂದ್ರ ಬೋಸ್ ಹೆಸರಿಟ್ಟರು. ಜನ ಯುಟಿಲಿಟಿ ಬಿಲ್ಡಿಂಗ್ ಎಂದೇ ಕರೆದರು. ಕೆಳಗೆ ಅಂಗಡಿಗಳು, ಸಿಂಫನಿ ಚಿತ್ರಮಂದಿರ, ಮೇಲೆ ಸಾಲು ಸಾಲು ಕಚೇರಿಗಳು. ಬೆಂಗಳೂರು ಅಲ್ಲಿಯವರೆಗೆ ಮರಗಳ ಎತ್ತರದ ಊರು. ಹಂಚಿನ ಬಂಗಲೆ, ಮುಂದೆ ಅಂಗಳ, ಹಿಂದೆ ಹಲಸು. ಕಚೇರಿಯೆಂದರೆ 1868ರ ಅಠಾರಾ ಕಚೇರಿಯ ಕೆಂಪು ಸಾಲುಕಂಬ, ಇಲ್ಲವೇ ವಿಧಾನಸೌಧದ ಕಲ್ಲು. ಒಂದರ ಮೇಲೊಂದು 25 ಕಚೇರಿ ಪೇರಿಸಿ, ನಡುವೆ ಲಿಫ್ಟ್ ಓಡಿಸಿ, ಎಲ್ಲ ಮಹಡಿಗೂ ಹಗಲಲ್ಲೂ ದೀಪ ಹಾಕುವುದು ಊರಿಗೆ ಹೊಸದು.

ಎತ್ತರದ ಕಟ್ಟಡವನ್ನು ಉಕ್ಕು, ಸಿಮೆಂಟುಗಳ ಸಾಧನೆ ಎಂದು ಬರೆಯುವುದು ರೂಢಿ. ಅದು ಅರ್ಧ ಸತ್ಯ. ಆರನೆಯ ಮಹಡಿಯಿಂದ ಮೇಲೆ ಮನುಷ್ಯ ದಿನಾ ಮೆಟ್ಟಿಲು ಹತ್ತಿ ಕೆಲಸ ಮಾಡಲಾರ. ಲಿಫ್ಟ್ ನಿಂತರೆ ಮೇಲಿನ ಮಹಡಿಗಳು ಇದ್ದೂ ಇಲ್ಲದ ಹಾಗೆ. ನೀರು ತಾನಾಗಿ ಮೇಲೆ ಬರುವುದಿಲ್ಲ. ನೆಲಮಟ್ಟದ ತೊಟ್ಟಿಯಿಂದ ಪಂಪು ತಾರಸಿಯ ಟ್ಯಾಂಕಿಗೆ ಏರಿಸಬೇಕು. ನಡುಭಾಗದ ಕೋಣೆಗಳಿಗೆ ಕಿಟಕಿಯ ಬೆಳಕು ತಲುಪುವುದಿಲ್ಲ. ಗಾಳಿಯನ್ನೂ ಫ್ಯಾನಿನಿಂದ ದಬ್ಬಬೇಕು. ಹೀಗಾಗಿ ಗಗನಚುಂಬಿಯೆಂದರೆ ಮನುಷ್ಯರು ಒಳಗೆ ಕೂತಿರುವ ಒಂದು ದೊಡ್ಡ ವಿದ್ಯುತ್ ಯಂತ್ರ. ತಂತಿ ಕತ್ತರಿಸಿದರೆ ಅದು ನಿಂತಿರುತ್ತದೆ, ನಡೆಯುವುದಿಲ್ಲ.

ನನ್ನ ದೊಡ್ಡಪ್ಪ ಇದನ್ನು ಒಂದೇ ಪ್ರಶ್ನೆಯಲ್ಲಿ ಕೇಳಿದ್ದರು.

1970ರ ದಶಕದ ಕೊನೆಯ ಒಂದು ಬೇಸಿಗೆ. ನಾನು ಕೆಲಸಕ್ಕೆ ಸೇರಿ ಬೆಂಗಳೂರಿನಲ್ಲಿ ಒಂದು ಕೋಣೆ ಮಾಡಿಕೊಂಡಿದ್ದೆ. ದೊಡ್ಡಪ್ಪ ಊರಿನಿಂದ ಬಂದಿದ್ದರು. ಮುಳುಗಡೆಯಲ್ಲಿ ಅವರ ಪಾಲಿನ ತೋಟವೆಲ್ಲ ಹೋಗಿತ್ತು. ಬೇರೆ ಕಡೆ ಬಗರ್‌ಹುಕುಂ ಜಮೀನಿನಲ್ಲಿ ಹೊಸದಾಗಿ ಸಸಿ ಹಚ್ಚಿ, ಅದು ಆಗಷ್ಟೇ ಹಿಂಗಾರ ಬಿಡುತ್ತಿತ್ತು. ಲಾಲ್‌ಬಾಗ್, ವಿಧಾನಸೌಧ ತೋರಿಸಿದ ಮೇಲೆ ಯುಟಿಲಿಟಿ ಬಿಲ್ಡಿಂಗಿನ ಮೇಲುಮಹಡಿಯಲ್ಲಿ ಕೆಲಸಕ್ಕಿದ್ದ ನಮ್ಮ ಕಡೆಯ ಒಬ್ಬರನ್ನು ನೋಡಲು ಕರೆದುಕೊಂಡು ಹೋದೆ. ಲಿಫ್ಟಿನಲ್ಲಿ ಅವರು ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಮೇಲೆ ಕಿಟಕಿಯ ಹತ್ತಿರ ಹೋಗಿ ಊರಿನ ಮರಗಳ ತಲೆಯನ್ನು ಬಹಳ ಹೊತ್ತು ನೋಡಿದರು. ಕಾಫಿ ಬಂತು. ಕೈ ತೊಳೆಯಲು ಹೋದವರು ನಲ್ಲಿ ತಿರುಗಿಸಿ, ನೀರು ಬರುವುದನ್ನು ನೋಡುತ್ತ ನಿಂತುಬಿಟ್ಟರು. "ಇಷ್ಟು ಮೇಲಕ್ಕೆ ನೀರು ಹ್ಯಾಂಗೆ ಹತ್ತುತ್ತದೆ ಮಾರಾಯ?" ಎಂದರು.

ಈ ಪ್ರಶ್ನೆ ಅವರಿಗೆ ಯಾಕೆ ಬಂತೆಂದು ಮಲೆನಾಡಿನವರಿಗೆ ಗೊತ್ತಾಗುತ್ತದೆ. ನಮ್ಮಲ್ಲಿ ನೀರು ಇಳಿಯುತ್ತದೆ. ಗುಡ್ಡದ ಮೇಲಿನ ಅಬ್ಬಿಯ ನೀರನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಮನೆಯ ಹಿತ್ತಿಲಿಗೆ ತರುತ್ತೇವೆ. ಅದು ಬಾನಿಗೆ ಬಿದ್ದು, ತುಂಬಿ ಹರಿದು ತೋಟದ ಕಾದಿಗೆಗೆ ಹೋಗುತ್ತದೆ. ಹಗಲೂ ರಾತ್ರಿ ಬೀಳುವ ಆ ನೀರಿಗೆ ಕೀಲಿಲ್ಲ, ಮೋಟರಿಲ್ಲ. ನೀರನ್ನು ಮೇಲಕ್ಕೆ ಹತ್ತಿಸುವುದು ಅವರು ಕಂಡ ಲೋಕದ ರೀತಿಗೇ ವಿರುದ್ಧ. ನಾನು ಪಂಪು ಇರುತ್ತದೆ, ಕರೆಂಟಿನಿಂದ ನಡೆಯುತ್ತದೆ ಎಂದೆ. "ಕರೆಂಟು ಎಲ್ಲಿಂದ ಬರ್ತದೆ?" ಎಂದರು. ನಾನು ಉತ್ತರ ಹೇಳಲಿಲ್ಲ. ಅವರಿಗೆ ಗೊತ್ತಿಲ್ಲದ್ದೇನೂ ಅಲ್ಲ. ನಲ್ಲಿ ನಿಲ್ಲಿಸಿ, ಪಂಚೆಯ ತುದಿಗೆ ಕೈ ಒರೆಸಿಕೊಂಡು ಬಂದು ಕೂತರು.

ಆ ದಿನ ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಸಾವಿರ ಲೀಟರ್ ನೀರು ಶರಾವತಿಯ ಕೊಳವೆಯಲ್ಲಿ ಕೆಳಗಿಳಿದರೆ ಹೆಚ್ಚುಕಡಿಮೆ ಒಂದು ಯೂನಿಟ್ ವಿದ್ಯುತ್ ಹುಟ್ಟುತ್ತದೆ. ಆ ಒಂದು ಯೂನಿಟ್ಟಿನಿಂದ, ಪಂಪಿನ ನಷ್ಟ ಕಳೆದು, 106 ಮೀಟರ್ ಎತ್ತರದ ತಾರಸಿಗೆ ಸುಮಾರು ಎರಡು ಸಾವಿರ ಲೀಟರ್ ಏರಿಸಬಹುದು. ಅಲ್ಲಿ ಒಂದು ಕೊಡ ಇಳಿದರೆ ಇಲ್ಲಿ ಎರಡು ಕೊಡ ಹತ್ತುತ್ತದೆ. ಬೆಂಗಳೂರಿಗೆ ಕಾವೇರಿ ನೀರಿನ ಮೊದಲ ಹಂತ ಬಂದದ್ದು 1974ರಲ್ಲಿ, ಯುಟಿಲಿಟಿ ಕಟ್ಟಡ ಮುಗಿದ ಮರುವರ್ಷ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಿ ಊರಿನ ಎತ್ತರಕ್ಕೆ ತರಬೇಕು. ಅದಕ್ಕೂ ವಿದ್ಯುತ್ತೇ ಬೇಕು. ಕುಡಿಯುವ ನೀರು ಕಾವೇರಿಯದು, ಅದನ್ನು ಹತ್ತಿಸಿದ ರಟ್ಟೆಯಲ್ಲಿ ಶರಾವತಿಯ ಪಾಲು ದೊಡ್ಡದು. 1970ರಲ್ಲಿ ಹುಟ್ಟಿದ ಮೈಸೂರು ವಿದ್ಯುತ್ ನಿಗಮ, ಮುಂದೆ ಕರ್ನಾಟಕ ವಿದ್ಯುತ್ ನಿಗಮವಾದದ್ದು, ಆ ಕಾಲದ ಈ ಹಸಿವನ್ನು ತಣಿಸುವ ಸಲುವಾಗಿಯೇ ಬಂದ ಸಂಸ್ಥೆ. ಹೊಸನಗರ ತಾಲ್ಲೂಕಿನಲ್ಲಿ ಚಕ್ರಾ, ಸಾವೆಹಕ್ಲು ಅಣೆಕಟ್ಟುಗಳೆದ್ದು ಅವುಗಳ ನೀರೂ ಲಿಂಗನಮಕ್ಕಿಗೆ ಸೇರಿತು. ಮಾಣಿಯಲ್ಲಿ ವಾರಾಹಿಯನ್ನು ತಡೆದು ಘಟ್ಟದ ಕೆಳಗೆ ನೆಲದೊಳಗಿನ ವಿದ್ಯುದಾಗಾರ 1989ರಲ್ಲಿ ಆರಂಭವಾಯಿತು. ಹೊಸನಗರದಷ್ಟು ಅಣೆಕಟ್ಟು ಹೊತ್ತ ತಾಲ್ಲೂಕು ರಾಜ್ಯದಲ್ಲಿ ಅಪರೂಪ.

ಕಟ್ಟಡದ ರೂಪದ ವಿಷಯಕ್ಕೂ ಬರಬೇಕು, ಏಕೆಂದರೆ ಬೆಂಗಳೂರಿನ ಕಚೇರಿ ಕಟ್ಟಡಗಳು 1973ರ ರೂಪದಲ್ಲೇ ಉಳಿಯಲಿಲ್ಲ. ಯುಟಿಲಿಟಿ ಕಟ್ಟಡ ತನ್ನ ಕಾಲದ ಮಾತನ್ನಾಡುತ್ತದೆ: ಅಲಂಕಾರ ಬೇಡ, ಕೆಲಸಕ್ಕೆ ತಕ್ಕ ಆಕಾರ ಸಾಕು. ಜಗತ್ತಿನಲ್ಲಿ ಆ ಮಾತಿಗೆ ಆಗಲೇ ಬೇಸರ ಹತ್ತಿತ್ತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಬಡವರಿಗಾಗಿ ಕಟ್ಟಿದ ಪ್ರೂಯಿಟ್ ಐಗೋ ವಸತಿ ಸಮುಚ್ಚಯವನ್ನು 1972ರಲ್ಲಿ ಸಿಡಿಮದ್ದಿಟ್ಟು ಉರುಳಿಸತೊಡಗಿದಾಗ, ಆಧುನಿಕ ವಾಸ್ತುವಿನ ಸಾವು ಅದೇ ಗಳಿಗೆಯಲ್ಲಾಯಿತು ಎಂದು ಚಾರ್ಲ್ಸ್ ಜೆಂಕ್ಸ್ ಎಂಬ ವಿಮರ್ಶಕ ಬರೆದರು. ಆಮೇಲೆ ಬಂದದ್ದು ಆಧುನಿಕೋತ್ತರ ಎಂಬ ಹೆಸರಿನ ರೀತಿ. 1982ರಲ್ಲಿ ಪೋರ್ಟ್‌ಲ್ಯಾಂಡ್ ನಗರದಲ್ಲಿ ಮೈಕೇಲ್ ಗ್ರೇವ್ಸ್ 15 ಮಹಡಿಯ ಬಣ್ಣದ ಕಚೇರಿ ಕಟ್ಟಿದರು. 1984ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂದಲ್ಲಿ ಫಿಲಿಪ್ ಜಾನ್ಸನ್ ಮತ್ತು ಜಾನ್ ಬರ್ಗೀ ಎಟಿ ಅಂಡ್ ಟಿ ಕಂಪನಿಗೆ 37 ಮಹಡಿಯ ಕಟ್ಟಡ ಮುಗಿಸಿದರು. ಮೈಗೆಲ್ಲ ಗುಲಾಬಿ ಗ್ರಾನೈಟ್, ಬುಡದಲ್ಲಿ ಎತ್ತರದ ಕಮಾನು, ನೆತ್ತಿಯಲ್ಲಿ ನಡುವೆ ಗುಂಡಗೆ ಕತ್ತರಿಸಿದ ತ್ರಿಕೋನ, ಹಳೆಯ ಕಾಲದ ಮರದ ಕಪಾಟಿನ ತಲೆಯ ಹಾಗೆ. 1958ರಲ್ಲಿ ಅಲಂಕಾರವಿಲ್ಲದ ಸೀಗ್ರಾಮ್ ಕಟ್ಟಡದ ಕೆಲಸದಲ್ಲಿ ಮೀಸ್ ವಾನ್ ಡೆರ್ ರೋ ಅವರ ಜೊತೆಗಿದ್ದವರೂ ಇದೇ ಜಾನ್ಸನ್. ಕಚೇರಿಯೂ ಹಿಂದಿನ ಕಾಲವನ್ನು ನೆನೆಯಬಹುದು, ಹಲವು ಕಾಲದ ಹಲವು ತುಣುಕುಗಳನ್ನು ಒಂದೇ ಮೈಯಲ್ಲಿ ತೊಡಬಹುದು ಎಂಬುದು ಈ ಹೊಸ ರೀತಿಯ ಸಾರ.

ಸಾಗರದವನಾದ ನನಗೆ ಇದು ಹೊಸತೆನ್ನಿಸಲಿಲ್ಲ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನವನ್ನು ನೋಡಿ ಬೆಳೆದವರಿಗೆ ಹಲವು ರೀತಿಗಳ ಕೂಡಿಕೆ ಊರಿನ ಮಾತು. ಹದಿನಾರನೆಯ ಶತಮಾನದ ಕೆಳದಿ ನಾಯಕರ ಆ ಗುಡಿಯಲ್ಲಿ ಹೊಯ್ಸಳರ ನೆನಪಿದೆ, ವಿಜಯನಗರದ ಕಂಬಗಳ ನೆನಪಿದೆ. ಎದುರಿನ ನಂದಿ ಮಂಟಪದಲ್ಲಿ ಬಿಜಾಪುರದ ಕಡೆಯ ಚೂಪು ಕಮಾನುಗಳಿವೆ. ಮಲೆನಾಡಿನ ಮಳೆಗೆ ತಕ್ಕ ದಪ್ಪ ಗೋಡೆ, ಜಾಲಂಧ್ರ. ಇದು ಯಾವ ಶೈಲಿ ಎಂದು ಪುಸ್ತಕ ಓದಿದವರು ತಡವರಿಸುತ್ತಾರೆ. ಊರಿನವರಿಗೆ ಅದು ಇಕ್ಕೇರಿ ದೇವಸ್ಥಾನ. ಆದರೆ ಒಂದು ವ್ಯತ್ಯಾಸ ನನಗೆ ಮುಖ್ಯವೆನಿಸುತ್ತದೆ. ಇಕ್ಕೇರಿಯಲ್ಲಿ ಕಲ್ಲೇ ಕಲ್ಲನ್ನು ಹೊತ್ತಿದೆ. ಕಮಾನು ತೆಗೆದರೆ ಮಂಟಪ ಕುಸಿಯುತ್ತದೆ. ಆಧುನಿಕೋತ್ತರ ಗೋಪುರದಲ್ಲಿ ಭಾರ ಹೊರುವುದು ಒಳಗಿನ ಉಕ್ಕು ಅಥವಾ ಕಾಂಕ್ರೀಟು. ಗ್ರಾನೈಟು ಹೊರಗೆ ತೂಗುಹಾಕಿದ ತೆಳು ಹಲಗೆ. ನಮ್ಮ ಮನೆಗಳ ಇಳಿಜಾರು ಮಾಡೂ ಇಕ್ಕೇರಿಯ ಕಲ್ಲಿನ ಹಾಗೆಯೇ. ಆಗುಂಬೆ, ಹುಲಿಕಲ್ಲಿನ ಮಳೆಯಲ್ಲಿ ಮಾಡು ಚಪ್ಪಟೆಯಾಗಿದ್ದರೆ ಮನೆ ಉಳಿಯುವುದಿಲ್ಲ. 37ನೆಯ ಮಹಡಿಯ ಮೇಲಿನ ತ್ರಿಕೋನಕ್ಕೆ ಅಂಥ ಒತ್ತಾಯ ಯಾವುದೂ ಇರಲಿಲ್ಲ. ಚೆಂದಕ್ಕಾಗಿ ಮಾಡಿದ್ದು. ಚೆಂದ ಬೇಡವೆಂದು ನಾನು ಹೇಳುವುದಿಲ್ಲ. ಹಂಗಿಲ್ಲದ ಚೆಂದ ಮತ್ತು ಹಂಗಿನಿಂದ ಹುಟ್ಟಿದ ಚೆಂದ ಬೇರೆ ಬೇರೆ ಎಂದಷ್ಟೇ ನನ್ನ ಮಾತು.

ಬೆಂಗಳೂರಿನಲ್ಲಿ ಹಳೆಯದನ್ನು ನೆನೆದು ಕಚೇರಿ ಕಟ್ಟುವ ಮನಸ್ಸು ಆಧುನಿಕೋತ್ತರ ಎಂಬ ಹೆಸರು ಹುಟ್ಟುವ ಮೊದಲೇ ಇತ್ತು. ಕೆಂಗಲ್ ಹನುಮಂತಯ್ಯನವರ ವಿಧಾನಸೌಧ 1956ರಲ್ಲಿ ಮುಗಿಯಿತು. ಅದರ ಪಕ್ಕದಲ್ಲಿ 2005ರಲ್ಲಿ ಉದ್ಘಾಟನೆಯಾದ ವಿಕಾಸಸೌಧ ಹೊರಗೆ ವಿಧಾನಸೌಧದ್ದೇ ಪಡಿಯಚ್ಚು, ಒಳಗೆ ಈ ಕಾಲದ ಕಚೇರಿ. ಎತ್ತರದ ವಿಷಯದಲ್ಲಿ ನಿಜವಾಗಿ ಈ ರೀತಿಗೆ ಸೇರುವುದು ವಿಠ್ಠಲ ಮಲ್ಯ ರಸ್ತೆಯ ಯುಬಿ ಟವರ್. ಮೊದಲು ಗ್ರಾಂಟ್ ರಸ್ತೆಯೆಂದಿದ್ದ ಅಲ್ಲಿ ಬಿಯರ್ ಕಾರ್ಖಾನೆಯಿದ್ದ ಸುಮಾರು 13 ಎಕರೆಯಲ್ಲಿ ಯುಬಿ ಸಮೂಹ ಮತ್ತು ಪ್ರೆಸ್ಟೀಜ್ ಸಂಸ್ಥೆ ಸೇರಿ ಈ ಶತಮಾನದ ಮೊದಲ ದಶಕದಲ್ಲಿ ಯುಬಿ ಸಿಟಿ ಕಟ್ಟಿದವು. ವಿಮಾನಗಳ ಹೆಸರು ಹೊತ್ತ ಕಾಮೆಟ್, ಕ್ಯಾನ್‌ಬೆರಾ, ಕಾಂಕಾರ್ಡ್ ಎಂಬ ಮೂರು ಕಟ್ಟಡಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಏರುವ ಮುಖ್ಯ ಗೋಪುರ. ನೋಡಿದವರಿಗೆಲ್ಲ ನ್ಯೂಯಾರ್ಕಿನ 1931ರ ಎಂಪೈರ್ ಸ್ಟೇಟ್ ಕಟ್ಟಡ ನೆನಪಾಗುತ್ತದೆ. ಹಾಗೆ ನೆನಪಾಗಲೆಂದೇ ಅದರ ಆಕಾರ.

ಯುಬಿ ಟವರಿಗೆ ಯುಟಿಲಿಟಿ ಕಟ್ಟಡಕ್ಕಿಂತ ಮಹಡಿ ಕಡಿಮೆ, ಇಪ್ಪತ್ತರ ಆಸುಪಾಸು. ಎತ್ತರ ಮಾತ್ರ ಹೆಚ್ಚು, ಸುಮಾರು 123 ಮೀಟರ್. ಇದರಲ್ಲಿ ನೆತ್ತಿಯ ಅಲಂಕಾರದ ಪಾಲಿದೆ. ಜೊತೆಗೆ ಈ ಕಾಲದ ಕಚೇರಿಯಲ್ಲಿ ಪ್ರತಿ ಮಹಡಿಯ ಸೂರಿಗೂ ಮೇಲಿನ ನೆಲಕ್ಕೂ ನಡುವೆ ತಂಪುಗಾಳಿಯ ಕೊಳವೆ, ತಂತಿ, ಬೆಂಕಿ ಆರಿಸುವ ನೀರಿನ ಪೈಪುಗಳಿಗೆಂದು ಜಾಗ ಬಿಡಬೇಕು. ಮನುಷ್ಯರು ಓಡಾಡುವ ಎತ್ತರದ ಮೇಲೆ ಯಂತ್ರಗಳು ಮಲಗುವ ಎತ್ತರವೂ ಸೇರುತ್ತದೆ. 1973ರಲ್ಲಿ ಕಿಟಕಿ ತೆರೆದರೆ ಬೆಂಗಳೂರಿನ ಗಾಳಿ ಸಾಕಾಗುತ್ತಿತ್ತು. ಈಗ ಕಿಟಕಿ ತೆರೆಯಲಾರದ ಗಾಜು, ಒಳಗೆ ವರ್ಷವಿಡೀ ಏಸಿ. ಒಂದು ಚದರಡಿ ಕಚೇರಿ ಬೇಡುವ ವಿದ್ಯುತ್ತು ಹೆಚ್ಚಿತು, ಅಂಥ ಚದರಡಿಗಳು ಲಕ್ಷ ಲಕ್ಷ ಹೆಚ್ಚಿದವು.

ಆ ವಿದ್ಯುತ್ತು ಈಗ ಬಹುಪಾಲು ಬೇರೆ ಕಡೆಯಿಂದ ಬರುತ್ತದೆ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲು, ಕೈಗಾದ ಅಣು, ಪಾವಗಡದ ಬಿಸಿಲು. ಹಾಗಾದರೆ ಶರಾವತಿಯ ಕೆಲಸ ಮುಗಿಯಿತೇ ಎಂದು ಕೆಲವರು ಕೇಳುತ್ತಾರೆ. ಅದರ ಕೆಲಸ ಹೆಚ್ಚು ಸೂಕ್ಷ್ಮವಾಯಿತು ಎನ್ನಬೇಕು. ಕಲ್ಲಿದ್ದಲಿನ ಘಟಕವನ್ನು ತಣ್ಣಗಿನ ಸ್ಥಿತಿಯಿಂದ ಹತ್ತಿಸಲು ಗಂಟೆಗಟ್ಟಲೆ ಬೇಕು. ಬಿಸಿಲು ಸಂಜೆ ಆರಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಕಚೇರಿಗಳ ದೀಪ ಆರಿರುವುದಿಲ್ಲ, ಮನೆಗಳ ದೀಪ ಹತ್ತುತ್ತಿರುತ್ತದೆ. ಆಗ ಬೇಡಿಕೆ ಏರಿದಂತೆ ನಿಮಿಷಗಳಲ್ಲಿ ಎದ್ದು ನಿಲ್ಲಬಲ್ಲದ್ದು ನೀರಿನ ಯಂತ್ರ. ಬೆಂಗಳೂರಿನಿಂದ ಫೋನು ಹೋಗುತ್ತದೆ, ಕಣಿವೆಯಲ್ಲಿ ಒಂದರ ಹಿಂದೆ ಒಂದು ಯಂತ್ರ ತಿರುಗುತ್ತದೆ. ರಾತ್ರಿ ಬೇಡಿಕೆ ಇಳಿದಾಗ ನಿಲ್ಲುತ್ತದೆ. ಹಗಲು ನೋಡಿದರೆ ಸುಮ್ಮನೆ ನಿಂತ ಹಾಗೆ ಕಾಣುವ ಕೆರೆ ಊರಿನ ಪ್ರತಿ ಸಂಜೆಯನ್ನು ಹೊರುತ್ತಿರುತ್ತದೆ. ಯುಬಿ ಟವರಿನ ನೆತ್ತಿಯ ದೀಪಗಳು ಹತ್ತುವಾಗ ನನಗೆ ಆ ಫೋನು ನೆನಪಾಗುತ್ತದೆ.

2019ರಲ್ಲಿ ಇದಕ್ಕಿಂತ ದೊಡ್ಡ ಕೋರಿಕೆ ಬಂತು: ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ಒಯ್ಯುವುದು. ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಅಂಗಡಿಗಳು ಮುಚ್ಚಿದವು, ನಾ. ಡಿಸೋಜರು ಆ ವಯಸ್ಸಿನಲ್ಲೂ ಹೋರಾಟದ ಮುಂದೆ ನಿಂತರು. ಆ ದಿನಗಳಲ್ಲಿ ನಾನು ಹಳೆಯ ಲೆಕ್ಕವನ್ನು ಮತ್ತೆ ತೆಗೆದೆ. ಜಲಾಶಯ ತುಂಬಿದಾಗ 1819 ಅಡಿ. ಬೆಂಗಳೂರು ಸುಮಾರು 3000 ಅಡಿಯ ಮೇಲಿದೆ. ಕಡಿಮೆಯೆಂದರೂ 1180 ಅಡಿ ಏರಿಸಬೇಕು. ಮೂರು ಯುಟಿಲಿಟಿ ಕಟ್ಟಡಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಮುಟ್ಟದ ಎತ್ತರ. ಸಾವಿರ ಲೀಟರಿಗೆ ಒಂದೂವರೆ ಯೂನಿಟ್ಟಿಗೆ ಹತ್ತಿರ ಬರೀ ಏರಿಸಲಿಕ್ಕೇ ಬೇಕು. ನಾನೂರು ಕಿಲೋಮೀಟರಿಗೂ ಮಿಕ್ಕ ಪೈಪಿನ ತಿಕ್ಕಾಟ ಅದರ ಮೇಲೆ. ಅದೇ ಸಾವಿರ ಲೀಟರ್ ತನ್ನ ಪಾಡಿಗೆ ಕಣಿವೆಗಿಳಿದಿದ್ದರೆ ಒಂದು ಯೂನಿಟ್ ಕೊಡುತ್ತಿತ್ತು, ಅದೂ ಹೋಗುತ್ತದೆ. ಇಳಿದು ಬೆಳಕು ಕೊಡುವ ನೀರನ್ನು ಹಿಡಿದು, ಬೆಳಕು ತಿನ್ನಿಸಿ ಮೇಲಕ್ಕೆ ಹತ್ತಿಸುವ ಯೋಜನೆ. ಜನರ ವಿರೋಧಕ್ಕೆ ಆ ಮಾತು ಅಂದು ಹಿಂದೆ ಸರಿಯಿತು.

ಇನ್ನೊಂದು ಯೋಜನೆ ಹಿಂದೆ ಸರಿದಿಲ್ಲ. ಕಣಿವೆಯ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಹಗಲಿನ ಹೆಚ್ಚುವರಿ ಸೌರ ವಿದ್ಯುತ್ತಿನಿಂದ ತಳಕಳಲೆಗೆ ಏರಿಸಿ, ಸಂಜೆ ಮತ್ತೆ ಇಳಿಸಿ 2000 ಮೆಗಾವಾಟ್ ಪಡೆಯುವ ಪಂಪ್ಡ್ ಸ್ಟೋರೇಜ್ ಯೋಜನೆ. ವಿದ್ಯುತ್ತಿನ ಲೆಕ್ಕದವನಾಗಿ ಅದರ ಅಗತ್ಯ ನನಗೆ ಅರ್ಥವಾಗುತ್ತದೆ. ಬಿಸಿಲನ್ನು ಸಂಜೆಗೆ ಎತ್ತಿಡಲು ಇರುವ ದಾರಿಗಳಲ್ಲಿ ಇದು ಒಂದು. ಆದರೆ ಅದರ ಸುರಂಗಗಳು ಹಾಯುವುದು ಸಿಂಗಳೀಕಗಳಿಗೆಂದು ಕಾಯ್ದಿಟ್ಟ ಶರಾವತಿ ಕಣಿವೆಯ ಅಭಯಾರಣ್ಯದಲ್ಲಿ. ಒಮ್ಮೆ ಇಡೀ ಕಣಿವೆಯನ್ನು ಕೊಟ್ಟ ಜನ ಇದನ್ನು ವಿರೋಧಿಸಿದರೆ ಅವರನ್ನು ಅಭಿವೃದ್ಧಿಯ ವಿರೋಧಿಗಳೆನ್ನುವುದು ತಪ್ಪು. ಈ ವಿಷಯದಲ್ಲಿ ನಾನು ಅವರ ಕಡೆ. ಕಿಟಕಿ ತೆರೆಯಬಲ್ಲ ಕಟ್ಟಡ ಕಟ್ಟುವುದನ್ನು, ಹಗಲು ದೀಪ ಆರಿಸುವುದನ್ನು ಊರು ಮೊದಲು ಕಲಿಯಲಿ. ಕೊನೆಯ ಕಾಡನ್ನು ಕೇಳುವ ಮಾತು ಆಮೇಲೆ.

ಮಳೆ ಕಡಿಮೆಯಾದ ವರ್ಷಗಳಲ್ಲಿ, ಏಪ್ರಿಲ್ ಕೊನೆಯಿಂದ ಮೇ ತಿಂಗಳವರೆಗೆ, ಹಿನ್ನೀರು ಬಹಳ ಕೆಳಗಿಳಿಯುತ್ತದೆ. ಆಗ ಮಡೆನೂರಿನ ಹಳೆಯ ಅಣೆಕಟ್ಟು ಸೈಫನ್ನುಗಳ ಸಮೇತ ಎದ್ದು ಕಾಣುತ್ತದೆ. ನೋಡಲು ಜನ ದೋಣಿ ಮಾಡಿಕೊಂಡು ಹೋಗುತ್ತಾರೆ. ನಾವು ಮನೆಯವರು ಅದನ್ನು ದಾಟಿ ಇನ್ನೂ ಸ್ವಲ್ಪ ಮುಂದೆ ನಡೆಯುತ್ತೇವೆ. ಒಡೆದ ಕೆಸರಿನ ಮೇಲೆ ಹಳೆಯ ಸಂತೆ ದಾರಿಯ ಗುರುತು, ಅಡಿಕೆ ಮರದ ಬೊಡ್ಡೆಗಳ ಸಾಲು. ದೊಡ್ಡಪ್ಪನ ಮನೆಯ ಜಂಬಿಟ್ಟಿಗೆಯ ಪಂಚಾಂಗ ಇನ್ನೂ ಇದೆ, ಎರಡು ಮೆಟ್ಟಿಲು ಸಮೇತ. ಅದರ ಹಿಂದೆ, ಹಿತ್ತಿಲಿದ್ದ ಕಡೆ, ಅಬ್ಬಿಯ ನೀರು ಬೀಳುತ್ತಿದ್ದ ಕಲ್ಲಿನ ಬಾನಿ. ಅರ್ಧ ಹೂಳು ತುಂಬಿದೆ. ಹೋದ ಸಲ ನನ್ನ ಮೊಮ್ಮಗಳು ಕೈಯಿಂದ ಆ ಹೂಳು ತೋಡಿ ತೆಗೆದಳು. ಬಾನಿಯ ಒಳಮೈಯಲ್ಲಿ, ನೀರು ಬಿದ್ದು ಬಿದ್ದು ನುಣುಪಾದ ಗುಂಡಗಿನ ಗುಳಿ ಸಿಕ್ಕಿತು. ಅವಳು ಅದರಲ್ಲಿ ಅಂಗೈ ಇಟ್ಟು ನೋಡಿದಳು, ಸರಿಯಾಗಿ ಕೂತಿತು. ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಜುಲೈ ಮುಗಿಯುವಷ್ಟರಲ್ಲಿ ಅದರ ಮೇಲೆ ಮತ್ತೆ ನೀರು.